ಗಡಿಗೆಯ ದೆವ್ವಕ್ಕೆ ಉಡಿ ತುಂಬಿದ್ದು

ಮೊನ್ನೆ ಮೊಮ್ಮಗಳು ನನ್ನ ಫೋನಿನಲ್ಲಿ ಏನನ್ನೋ ಹುಡುಕುವಾಗ ಹಳೆಯ ಬಾಗಿಲೊಂದು ಕಿರ್ರೆಂದು ತೆರೆದ ಸದ್ದು ಕೇಳಿತು. ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ನಂಬುತ್ತೀರೋ ಬಿಡುತ್ತೀರೋ, ಇಷ್ಟು ವರ್ಷಗಳ ಮೇಲೂ ಆ ಕಿರ್ರಿಗೆ ಮೈ ಜುಮ್ಮೆಂದಿತು. ನಾವು ಜೀವ ಕೈಯಲ್ಲಿ ಹಿಡಿದು ನೋಡುತ್ತಿದ್ದ ಆ ಹಿಂದಿ ದೆವ್ವದ ಧಾರಾವಾಹಿ ಈಗ ಕನ್ನಡಕ್ಕೆ ಡಬ್ಬಿಂಗ್ ಆಗಿ ಬಂದಿದೆ. ಅದರೊಳಗಿನ ಹವೇಲಿಯ, ಅಂದರೆ ಹಳೇ ಬಂಗಲೆಯ, ಸತ್ತ ಸೊಸೆ ಅಚ್ಚ ಕನ್ನಡದಲ್ಲಿ ಗೋಳಾಡುತ್ತಿದ್ದಳು.

ನಾನು ಲಿಂಗಸುಗೂರಿನಿಂದ ಮಸ್ಕಿಗೆ ಸೊಸೆಯಾಗಿ ಬಂದದ್ದು ತೊಂಬತ್ತರ ದಶಕದ ಮೊದಲಲ್ಲಿ. ಮಾವನವರದು ಬಜಾರಿನಲ್ಲಿ ಬಟ್ಟೆ ಅಂಗಡಿ. ನಮ್ಮ ಓಣಿಗೆಲ್ಲ ಇದ್ದದ್ದು ಅವರದೊಂದೇ ಟಿ.ವಿ. ರವಿವಾರ ಮಧ್ಯಾಹ್ನ ಆ ಧಾರಾವಾಹಿ ಬರುವ ಹೊತ್ತಿಗೆ ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ. ಮಧ್ಯಾಹ್ನದ ಬಿಸಿಲಿನಲ್ಲಿ ದೆವ್ವಕ್ಕೆ ಹೆದರುವುದು ಹೇಗೆ? ಅದಕ್ಕೇ ನಮ್ಮತ್ತೆ ಕಿಟಕಿಗಳಿಗೆ ಕೌದಿ ಕಟ್ಟಿ ಕತ್ತಲು ಮಾಡುತ್ತಿದ್ದರು. ಒಳಗೆ ಸೆಕೆಗೆ ಜೀವ ಹೋದರೂ ಸರಿ, ಒಬ್ಬರೂ ಏಳುತ್ತಿರಲಿಲ್ಲ.

ಆದರೆ ಹಿಂದಿ ಯಾರಿಗೆ ಬರಬೇಕು? ಮಾವನವರು ನಿಜಾಮರ ಕಾಲದಲ್ಲಿ ಉರ್ದು ಶಾಲೆ ಕಲಿತವರು. ಹಣೆಗೆ ವಿಭೂತಿ ಬಳಿದುಕೊಂಡು ಕುರ್ಚಿಯಲ್ಲಿ ಕೂತರೆಂದರೆ ದೆವ್ವದ ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳುತ್ತಿದ್ದರು. ನಡುವೆ ಯಾರಾದರೂ ಪಿಸುಗುಟ್ಟಿದರೆ "ಖಾಮೋಶ್!" ಎಂದು ಗದರುತ್ತಿದ್ದರು. ದೆವ್ವ "ಕೌನ್ ಹೈ?" ಎಂದಿಷ್ಟೇ ಕೇಳಿದರೆ ಮಾವನವರ ಬಾಯಲ್ಲಿ ಅದು, "ಯಾರದು? ಹೇಳಿ ಕೇಳಿ ಬರಬಾರ್ದೇನು? ಹೆಣ್ಮಕ್ಕಳಿರೋ ಮನಿ!" ಎಂದಾಗುತ್ತಿತ್ತು. ನಾನೋ, ಹಿಂದಿ ಪರೀಕ್ಷೆಗಳನ್ನು ಒಂದರ ಮೇಲೊಂದು ಪಾಸು ಮಾಡಿ ಸರ್ಟಿಫಿಕೇಟುಗಳನ್ನು ಟ್ರಂಕಿನಲ್ಲಿಟ್ಟುಕೊಂಡು ಬಂದ ಸೊಸೆ. ಅವರು ಒಂದಕ್ಕೆರಡು ಸೇರಿಸಿದಾಗಲೆಲ್ಲ ನನ್ನ ನಾಲಿಗೆ ತುರಿಸುತ್ತಿತ್ತು. ಹೊಸ ಸೊಸೆ ಮಾವನ ತಪ್ಪು ತಿದ್ದುವುದೇ? ಸೆರಗು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆ.

ನಮ್ಮ ಹಿತ್ತಲಿಗೆ ಹೊಂದಿಕೊಂಡ ಹಿಂದಿನ ಮನೆಯ ನೀಲಮ್ಮನೂ ತಪ್ಪದೆ ಬರುವವಳು. ಹೆದರಿಕೆಯ ಜಾಗ ಬಂದಾಗ ಎಲ್ಲರೂ ಕಣ್ಣು ಮುಚ್ಚಿದರೆ ಅವಳು ಮಾತ್ರ, "ಬಾ ಬೇ, ಹೊರಗ ಬಾ, ನೋಡೂನು," ಎಂದು ದೆವ್ವವನ್ನೇ ಕರೆಯುತ್ತಿದ್ದಳು. ಆ ವರ್ಷ ಅವಳ ಮಗಳು ಶಾಂತಾ ತೀರಿಕೊಂಡಳು. ಸಿಂಧನೂರು ಕಡೆ ಕಾಲುವೆ ದಂಡೆಯ ಊರಿಗೆ ಕೊಟ್ಟಿದ್ದರು. ಬಟ್ಟೆ ಒಗೆಯಲು ಹೋದ ಹುಡುಗಿ ಕಾಲು ಜಾರಿ ನೀರಿಗೆ ಬಿದ್ದಳು. ನೋಡಲು ಲಕ್ಷಣವಾಗಿದ್ದ, ಬಾಯ್ತುಂಬ ನಗುವ ಹುಡುಗಿ.

ಸತ್ತದ್ದು ಸಾಲದೆ, ಅವಳು ದೆವ್ವವಾಗಿದ್ದಾಳೆಂದು ಸುದ್ದಿ ಹಬ್ಬಿತು. ಗಂಡನಿಗೆ ಜ್ವರ ಬಂದರೆ ಶಾಂತಾ, ಎಮ್ಮೆ ಹಾಲು ಕೊಡದಿದ್ದರೆ ಶಾಂತಾ. ನಮ್ಮ ಓಣಿಯವರೇನು ಕಡಿಮೆ? ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ಇದೇ ಮಾತು. ನೀಲಮ್ಮ ಬಂದಳೆಂದರೆ ದನಿ ಸಣ್ಣದು ಮಾಡುವರು, ನಿಲ್ಲಿಸುವವರಲ್ಲ. ಕಡೆಗೆ ಬೀಗರ ಮನೆಯವರು ಮಂತ್ರವಾದಿಯೊಬ್ಬನನ್ನು ಗೊತ್ತು ಮಾಡಿದರು. ಸತ್ತವಳು ಉಟ್ಟ ಸೀರೆಯನ್ನು ಗಡಿಗೆಯಲ್ಲಿ ತುಂಬಿ, ಬಾಯಿ ಕಟ್ಟಿ ಹುಗಿದರೆ ದೆವ್ವ ಅಲ್ಲೇ ಬಿದ್ದಿರುತ್ತದೆ ಎಂದನಂತೆ. ಶಾಂತಾ ಕೊನೆಯ ಸಲ ತವರಿಗೆ ಬಂದಾಗ ಬಿಟ್ಟುಹೋಗಿದ್ದ ಹಸಿರು ಸೀರೆ ನೀಲಮ್ಮನ ಹತ್ತಿರವಿತ್ತು. ಸಂತೆಯ ದಿನ ಬಂದು ಒಯ್ಯುತ್ತೇವೆಂದು ಹೇಳಿ ಕಳಿಸಿದ್ದರು.

"ಏನ್ ಮಾಡ್ಲಿ ಅಕ್ಕಾ?" ಎಂದು ನೀಲಮ್ಮ ನಮ್ಮತ್ತೆಯ ಮುಂದೆ ಕೂತು ಅತ್ತಳು. "ಕೊಡ್ಲಿಲ್ಲಂದ್ರ ಅಳಿಯಗ ಏನರ ಆದ್ರ ನನ್ನ ಮ್ಯಾಲ ಬರ್ತೈತಿ. ಕೊಟ್ರ, ನನ್ನ ಕೂಸಿನ್ನ ನಾನಽ ಕೈಯಾರೆ ಮಣ್ಣಾಗ ಕಟ್ಟಿ ಹಾಕಿದಂಗ."

ಅತ್ತೆ ಅವಳ ಬೆನ್ನು ಸವರಿದರು. ಅಂಗಡಿಗೆ ಹೊರಟಿದ್ದ ಮಾವನವರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡು, ಚಪ್ಪಲಿ ಮೆಟ್ಟಿ ಹೋದರು.

ಸಂತೆಗೆ ಮುಂಚಿನ ರವಿವಾರ ನೀಲಮ್ಮ ಬರಲಿಕ್ಕಿಲ್ಲ ಅಂದುಕೊಂಡಿದ್ದೆವು. ಬಂದಳು. ಗೋಡೆಗೆ ಒರಗಿ ಕೂತಳು. ಅವತ್ತಿನ ಕಂತೇ ಹಾಗಿರಬೇಕೇ! ಇಂಥ ಕೆಲಸಕ್ಕೆ ಎಲ್ಲ ದೇಶದಲ್ಲೂ ಗಡಿಗೆಯೇ ಬೇಕೇನೋ. ಹವೇಲಿಗೂ ಒಬ್ಬ ಮಂತ್ರವಾದಿ ಬಂದ. ಗಡಿಗೆ ಇಟ್ಟ, ಅದರೊಳಗೆ ಸೊಸೆಯ ಬಳೆ, ಕುಂಕುಮ, ಒಂದು ಹಿಡಿ ಅಕ್ಕಿ ಹಾಕಿದ. ದೆವ್ವವಾದ ಆ ಸೊಸೆ ಅಳುತ್ತ ನಿಂತಳು. "ಏಳು ಜನ್ಮ ನೀನು ಇದರಲ್ಲೇ ಸೆರೆ" ಎಂದು ಹಿಂದಿಯಲ್ಲಿ ಅಬ್ಬರಿಸಿದ.

ಮಾವನವರು ಗಂಟಲು ಸರಿಮಾಡಿಕೊಂಡರು.

"ಉಡಿ ತುಂಬಾಕತ್ಯಾನ," ಎಂದರು.

ಉಡಿ ತುಂಬುವುದೆಂದರೆ ತವರಿನವರು ಮಗಳ ಮಡಿಲಿಗೆ ಅಕ್ಕಿ, ಬಳೆ, ಕುಂಕುಮ ಹಾಕಿ ಹರಸುವುದು; ನಾನು ಕತ್ತು ತಿರುಗಿಸಿ ನೋಡಿದೆ.

"ಗಂಡಸ್ರು ಉಡಿ ತುಂಬ್ತಾರೇನ್ರೀ ಸಾವ್ಕಾರ್ರಾ?" ಎಂದಳು ಯಾರೋ.

"ಅವರ ದೇಶದಾಗ ತುಂಬ್ತಾರ. ಖಾಮೋಶ್!" ಮಾವನವರು ಪರದೆಯಿಂದ ಕಣ್ಣು ಕೀಳಲಿಲ್ಲ. "ಹೇಳಾಕತ್ಯಾನ: ನಿಂದೇನೂ ತಪ್ಪಿಲ್ಲವ್ವಾ. ನಿನ್ನ ಯಾರೂ ಕಟ್ಟಂಗಿಲ್ಲ. ನಿಮ್ಮವ್ವ ದಾರಿ ಕಾಯಾಕತ್ಯಾಳ, ತವರಿಗೆ ಹೋಗು."

"ಮತ್ತ್ಯಾಕ ಅಳಾಕತ್ಯಾಳ್ರೀ?"

"ತವರಿನ ಹೆಸರು ತಗದ್ರ ಯಾವ ಹೆಣ್ಮಗಳು ಅಳಂಗಿಲ್ಲ?"

ಅಷ್ಟರಲ್ಲಿ ಪರದೆಯ ಮೇಲೆ ಗಡಿಗೆಯ ಬಾಯಿ ಕಟ್ಟಿ, ಗುಂಡಿಗಿಳಿಸಿ, ಮಣ್ಣೆಳೆದರು. ನನ್ನ ಅಷ್ಟೂ ಸರ್ಟಿಫಿಕೇಟುಗಳು ಬಾಯಿಗೆ ಬಂದವು. ಪಕ್ಕದಲ್ಲಿದ್ದ ಅತ್ತೆ ನನ್ನ ಮೊಣಕಾಲು ಗಟ್ಟಿಯಾಗಿ ಅದುಮಿ ಹಿಡಿದರು. ಮಣ್ಣೇಕೆ ಎಳೆಯುತ್ತಾರೆಂದು ಯಾರೂ ಕೇಳಲಿಲ್ಲ. ಎಲ್ಲರೂ ನಂಬಿದರಲ್ಲ, ಇವರೆಂಥ ಮುಗ್ಧರು ಎಂದು ಒಳಗೊಳಗೇ ಮರುಗಿದೆ. ಅಷ್ಟಿತ್ತು ನನ್ನ ಜಾಣತನ!

ಸಂತೆಯ ದಿನ ಬೀಗರ ಮನೆಯಿಂದ ಇಬ್ಬರು ಬಂದರು. ನೀಲಮ್ಮ ಆ ಹಸಿರು ಸೀರೆಯನ್ನು ತಾನೇ ಉಟ್ಟುಕೊಂಡು ಹೊಸ್ತಿಲ ಮೇಲೆ ನಿಂತಿದ್ದಳು. "ಸೀರಿ ಬೇಕಂದ್ರ ನನ್ನ ಸುದ್ದಾ ಗಡಿಗ್ಯಾಗ ತುಂಬ್ಕೊಂಡು ಹೋಗ್ರಿ. ನನ್ನ ಮಗಳು ದೆವ್ವ ಅಲ್ಲ," ಎಂದಳು. ಬಂದವರು ಸ್ವಲ್ಪ ಹೊತ್ತು ಕೂಗಾಡಿ ಬಸ್ಸು ಹಿಡಿದರು. ಅಳಿಯನ ಜ್ವರ ಆಸ್ಪತ್ರೆಯ ಔಷಧಿಗೆ ಇಳಿಯಿತು.

ಮುಂದಿನ ರವಿವಾರ ಮಾವನವರು ಟಿ.ವಿ. ಹಚ್ಚಲಿಲ್ಲ. ಆಂಟೆನಾ ಕೆಟ್ಟಿದೆ ಎಂದರು. ಎಷ್ಟೋ ವಾರ ಅದು ಕೆಟ್ಟೇ ಇತ್ತು. ಅಷ್ಟರಲ್ಲಿ ಧಾರಾವಾಹಿಯೇ ಮುಗಿದಿತ್ತು. ಈಗ ಅವರಿಲ್ಲ, ಅತ್ತೆಯೂ ಇಲ್ಲ.

ಮೊನ್ನೆ ಫೋನಿನಲ್ಲಿ ಆ ಗಡಿಗೆಯ ಕಂತೇ ಓಡುತ್ತಿರುವಾಗ ಹಿತ್ತಲ ಬಾಗಿಲಿನಿಂದ ನೀಲಮ್ಮ ಬಂದಳು. ಮಗ, ಸೊಸೆ, ಮೊಮ್ಮಕ್ಕಳೊಂದಿಗೆ ಈಗಲೂ ಹಿಂದಿನ ಮನೆಯಲ್ಲೇ ಇದ್ದಾಳೆ. ಹಲ್ಲು ಹೋಗಿವೆ, ಕಿವಿ ಚುರುಕಾಗಿವೆ. "ಏಳು ಜನ್ಮ ನೀನು ಇದರಲ್ಲೇ ಸೆರೆ!" ಎಂದು ಮಂತ್ರವಾದಿ ಈ ಸಲ ಕನ್ನಡದಲ್ಲೇ ಅಬ್ಬರಿಸಿದ. ನಾನು ಹಿಟ್ಟಿನ ಕೈಯಲ್ಲೇ ಓಡಿಹೋಗಿ ಫೋನನ್ನು ಕಸಿದುಕೊಂಡು ಬೋರಲು ಹಾಕಿದೆ.

ನೀಲಮ್ಮ ನಕ್ಕುಬಿಟ್ಟಳು. "ಯಾಕ ಮುಚ್ತೀ ಬೇ? ಅವತ್ತಽ ಗೊತ್ತಿತ್ತು ನನಗ. ಉಡಿ ತುಂಬಿದ್ದನ್ನ ಯಾರರ ಮಣ್ಣಾಗ ಹುಗೀತಾರೇನು?"

"ಗೊತ್ತಿತ್ತಾ?"

"ನನಗೊಬ್ಬಾಕಿಗೇನು, ಎಲ್ಲಾರಿಗೂ ಗೊತ್ತಿತ್ತು. ನಲ್ಲಿ ಹತ್ರ ನನ್ನ ಮಗಳ ಸುದ್ದಿ ಎತ್ತಿದ್ರ ಬಾಯಿ ಮುಚ್ಚದ ಹೆಂಗಸ್ರು ಅವತ್ತ ಒಬ್ಬಾಕಿನೂ ತುಟಿ ಬಿಚ್ಚಲಿಲ್ಲ. ಸಾವ್ಕಾರ್ರು ನನ್ನ ಸಲುವಾಗಿ ಸುಳ್ಳು ಹೇಳಿದ್ರು, ಇವರೆಲ್ಲಾ ಅದಕ್ಕ ಹೂಂ ಅಂದಂಗಾತು. ಅವತ್ತಽ ನನಗ ಧೈರ್ಯ ಬಂದಿದ್ದು."

ಆ ಪಡಸಾಲೆಯಲ್ಲಿ ಏನು ನಡೆಯಿತೆಂದು ತಿಳಿಯದೆ ಕೂತಿದ್ದವಳು ನಾನೊಬ್ಬಳೇ.

ನೀಲಮ್ಮ ನನ್ನ ಪಕ್ಕ ಸರಿದು ಕೂತು ಫೋನನ್ನು ಮೇಲ್ಮುಖ ಮಾಡಿದಳು. "ಮುಂದಿಂದು ಹಚ್ಚು. ನಿಮ್ಮ ಮಾವ ತೋರಿಸಲೇ ಇಲ್ಲ. ಆಕಿ ಹೊರಗ ಬಂದಾಳೋ ಇಲ್ಲೋ ನೋಡೂನು."

ಹಚ್ಚಿದೆ. ನೆಲ ಅಲುಗಿತು, ಮಣ್ಣು ಬಿರಿಯಿತು, ಬಳೆ ತೊಟ್ಟ ಒಂದು ಕೈ ಮೇಲೆ ಬಂತು. ಮೊಮ್ಮಗಳು ಚೀರಿ ಕಣ್ಣು ಮುಚ್ಚಿಕೊಂಡಳು. ನೀಲಮ್ಮ ಕಣ್ಣೊರೆಸಿಕೊಳ್ಳುತ್ತ, "ಬಾ ನನ್ನವ್ವಾ, ಬಾ," ಎಂದಳು.