ನಮ್ಮ ಶಂಕುಸ್ಥಾಪನೆ

ಕನಕಪುರದ ಹೈಸ್ಕೂಲಿನಲ್ಲಿ ನಾನು ಗಣಿತದ ಮೇಡಂ, ನನ್ನ ಗೆಳತಿ ಸಮಾಜದ ಮೇಡಂ. ಸ್ಟಾಫ್ ರೂಮಿನಲ್ಲಿ ನಮ್ಮ ಕುರ್ಚಿಗಳು ಅಕ್ಕಪಕ್ಕ. ಒಂದು ದಿನ ಶಂಕುವಿನ ಪಾಠ ಮಾಡುವಾಗ ಹುಡುಗಿಯೊಬ್ಬಳು ಎದ್ದು ನಿಂತಳು.

"ಮಿಸ್, ಐಸ್‌ಕ್ರೀಮ್ ಕೋನ್ ಥರ ಇರಾದು ಶಂಕು ಅಂತೀರ. ಮತ್ತೆ ಕಟ್ಟಡಕ್ಕೆ ಶಂಕುಸ್ಥಾಪನೆ ಅಂತಾರಲ್ಲ, ಅದ್ಯಾಕೆ?"

ನನಗೆ ಗೊತ್ತಿರಲಿಲ್ಲ. ಮನೆಗೆ ಹೋಗಿ ನಿಘಂಟು ತೆರೆದೆ. ಶಂಕು ಎಂದರೆ ಮೊದಲು ಗೂಟ. ಹಿಂದಿನವರು ನೆಲದಲ್ಲಿ ಚೂಪಾದ ಗೂಟ ನೆಟ್ಟು, ಅದರ ನೆರಳಿನಿಂದ ದಿಕ್ಕು ಗೊತ್ತುಮಾಡಿಕೊಂಡು ಪಾಯ ತೆಗೆಯುತ್ತಿದ್ದರು. ಈಗ ಕಲ್ಲಿಡುತ್ತಾರೆ, ಹೆಸರು ಮಾತ್ರ ಗೂಟದ್ದೇ. ಗಣಿತಕ್ಕೆ ಬಂದದ್ದೂ ಅದೇ ಆಕಾರ, ಅದೇ ಹೆಸರು.

ಮರುದಿನ ಗೆಳತಿಗೆ ಹೇಳಿದೆ. ಅವಳು ಕಣ್ಣರಳಿಸಿದಳು. "ಎಷ್ಟ್ ಚೆಂದಾಗೈತೆ ಕಣೆ! ನಮ್ಮ ಶಿಶುವಿಹಾರಕ್ಕೆ ಕಲ್ಲು ಬ್ಯಾಡ, ಗೂಟಾನೇ ನೆಡಾಣ."

ಶಿಶುವಿಹಾರ ನಮ್ಮಿಬ್ಬರ ಬಹುಕಾಲದ ಆಸೆ. ಕೈಲಾಂಚದ ಹತ್ತಿರ ಅವಳ ಗಂಡನ ಮನೆಯವರ ಜಾಗವಿತ್ತು. ಜಾಗ ಅವಳದು, ಪಾಠ ನನ್ನದು ಎಂದು ಮಾತಾಗಿತ್ತು. ಅದನ್ನೇ ನಂಬಿ ನಾನು ಸ್ವಯಂ ನಿವೃತ್ತಿ ತೆಗೆದುಕೊಂಡೆ. ಅವಳು, "ನೀನು ಮೊದ್ಲು ಬುಡು, ನಾನು ಹಿಂದ್ಗುಟ್ಟೇ ಬತ್ತೀನಿ" ಎಂದಳು.

ಶಂಕುಸ್ಥಾಪನೆಗೆ ದಿನ ಗೊತ್ತಾಯಿತು. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರೊಬ್ಬರ ಬಳಿ ಮರದ ಶಂಕು ಕಡೆಸಿ, ಕೆಂಪು ಅರಗು ಹಾಕಿಸಿದೆ. ಗೆಳತಿ ಹನ್ನೊಂದಕ್ಕೆ ಬಾ ಎಂದಿದ್ದಳು. ರಂಗೋಲಿಗಾದರೂ ಕೈಜೋಡಿಸೋಣವೆಂದು ನಾನು ಬೇಗನೇ ಹೊರಟೆ.

ಹೋಗಿ ನೋಡಿದರೆ ಶಾಮಿಯಾನ ತುಂಬ ಜನ. ಪೂಜೆ ಮುಗಿದು, ಕಲ್ಲಿಟ್ಟೂ ಆಗಿತ್ತು. ಅದರ ಹಿಂದಿನ ಬ್ಯಾನರಿನಲ್ಲಿ ದೊಡ್ಡ ಕಲ್ಯಾಣಮಂಟಪದ ಚಿತ್ರ. ಗೆಳತಿ ಮೈಕ್ ಹಿಡಿದು ನಿಂತಿದ್ದಳು.

"ಶಂಕು ಅಂದರೆ ಮೊದಲು ಗೂಟ," ಅನ್ನುತ್ತಿದ್ದಳು. "ಅದರ ನೆರಳಿನಿಂದ ದಿಕ್ಕು ಗೊತ್ತುಮಾಡಿಕೊಳ್ಳುತ್ತಿದ್ದರು..." ನನ್ನ ಮಾತು, ನಾನು ಹೇಳಿದ ಕ್ರಮದಲ್ಲೇ. ಜನ ಚಪ್ಪಾಳೆ ತಟ್ಟಿದರು. ಆಗ ಅವಳ ಕಣ್ಣಿಗೆ ನಾನು ಬಿದ್ದೆ.

ವೇದಿಕೆ ಇಳಿದು ಓಡಿಬಂದಳು. "ಇಷ್ಟ್ ಬೇಗ ಬಂದ್ಬುಟ್ಯಾ? ಒಸಿ ಕೂತ್ಕ, ಎಲ್ಲಾ ಹೇಳ್ತೀನಿ. ನಮ್ಮ ಮೈದುನ ಹಟ ಹಿಡ್ಕಂಡ. ಮಂಟಪ ಆದ್ರೆ ಮನೆಗೆ ಒಂದು ಆಧಾರ ಅಂದ."

"ಯಾವಾಗ ತೀರ್ಮಾನ ಆಯ್ತು?"

ಅವಳು ನೆಲ ನೋಡಿದಳು. "ಯುಗಾದಿ ಹೊತ್ಗೆ."

ನಾನು ಕೆಲಸ ಬಿಟ್ಟದ್ದು ಯುಗಾದಿ ಕಳೆದ ಮೇಲೆ. ಬೀಳ್ಕೊಡುಗೆಯಲ್ಲಿ ನನ್ನ ಕೊರಳಿಗೆ ಹಾರ ಹಾಕಿದ್ದವಳು ಅವಳೇ.

"ಆವತ್ತೇ ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ನೀನು ಇವತ್ತು ಬತ್ತಿರ್ಲಿಲ್ಲ. ನೀನಿಲ್ದೆ ನಂಗೆ ಚೆಂದಾಗಿರ್ತಿತ್ತಾ?"

ಅವಳು ನಿಜವಾಗಿಯೂ ಅಳುತ್ತಿದ್ದಳು. ಅದರಿಂದಲೇ ನನಗೆ ಹೆಚ್ಚು ಸಂಕಟವಾಯಿತು. ಚೀಲದಿಂದ ಶಂಕು ತೆಗೆದು ಅವಳ ಕೈಗಿಟ್ಟೆ. ತಿರುಗಿಸಿ ನೋಡಿ, ಕಣ್ಣೊರೆಸಿಕೊಂಡು, "ಚೆನ್ನಾಗೈತೆ, ಶೋಕೇಸಲ್ಲಿ ಇಡ್ತೀನಿ" ಎಂದಳು. ನಾನು ಊಟಕ್ಕೆ ನಿಲ್ಲದೆ ಬಸ್ಸು ಹತ್ತಿದೆ.

ಈಗ ಸಂಜೆ ಹೊತ್ತು ನಮ್ಮ ಬೀದಿಯ ಮಕ್ಕಳಿಗೆ ಜಗಲಿಯಲ್ಲಿ ಪಾಠ ಹೇಳುತ್ತೇನೆ. ಅವಳು ಅದೇ ಸ್ಕೂಲಿನಲ್ಲಿದ್ದಾಳೆ. ಮೊನ್ನೆ ಫೋನ್ ಮಾಡಿ, "ಮಂಟಪ ರೆಡಿ ಆಯ್ತು, ಬಂದು ನೋಡಲ್ವಾ?" ಎಂದಳು.

"ಇಲ್ಲ, ಬರಲ್ಲ" ಎಂದೆ. ಇಷ್ಟು ವರ್ಷಗಳಲ್ಲಿ ಅವಳಿಗೆ ಇಲ್ಲ ಎಂದದ್ದು ಅದೇ ಮೊದಲು. ಅವಳೇ ಫೋನ್ ಇಟ್ಟಳು.