ಹೋಗಿ ಬರ್ತೀನಿ ಅಂದದ್ದೇ ತಪ್ಪಾಯ್ತು

ಹ್ಯೂಸ್ಟನ್‌ಗೆ ಓದಲು ಹೊರಡುವ ಮುಂಚೆ ನಾನು ನನ್ನ ಇಂಗ್ಲಿಷನ್ನು ಉಜ್ಜಿ ಉಜ್ಜಿ ಹೊಳಪು ಮಾಡಿಕೊಂಡಿದ್ದೆ. ಪರೀಕ್ಷೆ ಬರೆದಿದ್ದೆ, ವೀಸಾ ಆಫೀಸರ್ ಎದುರು ತಡವರಿಸದೆ ಮಾತಾಡಿದ್ದೆ. ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ನನ್ನಷ್ಟು ಇಂಗ್ಲಿಷ್ ಬಲ್ಲವರು ಯಾರೂ ಇಲ್ಲ ಎಂಬ ಸೊಕ್ಕು ಬೇರೆ. ಕೊನೆಗೆ ನನಗೆ ರೂಮು ಸಿಕ್ಕಿದ್ದು ಎಲ್ಲಿ? ಇಂಗ್ಲಿಷ್ ಮಾತಾಡುವವರನ್ನು ದೀಪ ಹಚ್ಚಿಕೊಂಡು ಹುಡುಕಬೇಕಾದ ಕಡೆ. ಬೇಕರಿಯ ಬೋರ್ಡು ಸ್ಪ್ಯಾನಿಷ್, ಬಸ್ ಸ್ಟಾಪಿನ ಹರಟೆ ಸ್ಪ್ಯಾನಿಷ್, ಪಕ್ಕದ ಮನೆಯವರು ನಾಯಿಯನ್ನು ಬೈಯುವುದೂ ಸ್ಪ್ಯಾನಿಷ್‌ನಲ್ಲಿ. ಆಗಸ್ಟ್ ತಿಂಗಳ ಆ ಸೆಕೆಯಲ್ಲಿ ನನ್ನ ಇಂಗ್ಲಿಷ್, ಪೆಟ್ಟಿಗೆಯಲ್ಲಿ ಹೊತ್ತು ತಂದ ಉಣ್ಣೆ ಕೋಟಿನ ಹಾಗಾಯಿತು. ಚಂದವೇನೋ ಇತ್ತು, ಕೆಲಸಕ್ಕೆ ಬರಲಿಲ್ಲ.

ನಾನಾಗಿ ಆ ಮನೆ ಆರಿಸಿಕೊಂಡದ್ದಲ್ಲ. ಯೂನಿವರ್ಸಿಟಿಯ ಪಕ್ಕದ ಅಪಾರ್ಟ್‌ಮೆಂಟಿನಲ್ಲಿದ್ದ ಮೂವರು ಹುಡುಗಿಯರು ಮೂರು ತಿಂಗಳಿಂದ ಫೋನಿನಲ್ಲಿ "ನೀನೇ ನಾಲ್ಕನೆಯವಳು, ಬಂದುಬಿಡು" ಎನ್ನುತ್ತಿದ್ದರು. ನಾನು ವಿಮಾನದಿಂದ ಇಳಿಯುವಷ್ಟರಲ್ಲಿ ಆ ಜಾಗವನ್ನು ತಮ್ಮ ಊರಿನ ಗೆಳತಿಗೆ ಕೊಟ್ಟುಬಿಟ್ಟಿದ್ದರು. "ಸಾರಿ ಯಾರ್" ಎಂದರು. ಅವರ ಹೊಟ್ಟೆ ತಣ್ಣಗಿರಲಿ! ನನ್ನನ್ನು ಏರ್‌ಪೋರ್ಟಿನಿಂದ ಕರೆತಂದಿದ್ದ ಮೈಸೂರಿನ ಸೀನಿಯರ್ ಒಬ್ಬರು ತಮ್ಮ ಸೋಫಾದ ಮೇಲೆ ಎರಡು ದಿನ ಜಾಗ ಕೊಟ್ಟರು. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಬಟ್ಟೆ ಒಗೆಯಲು ಹೋದ ಲಾಂಡ್ರಿಯ ಗೋಡೆಯ ಮೇಲೆ ಅಂಟಿಸಿದ್ದ ಚೀಟಿ ನೋಡಿ ಈ ರೂಮು ಹುಡುಕಿಕೊಟ್ಟವರೂ ಅವರೇ. ಮರುವಾರವೇ ಅವರು ಕೆಲಸಕ್ಕೆಂದು ಆಸ್ಟಿನ್‌ಗೆ ಶಿಫ್ಟ್ ಆಗುವವರಿದ್ದರು. ಸೋಫಾ ಕೂಡ ಮಾರಿಯಾಗಿತ್ತು.

"ನೋಡಮ್ಮ, ಇದೊಂದು ಕೈ ತಪ್ಪಿದ್ರೆ ಬಸ್ ಇರೋ ದಾರೀಲಿ ಬೇರೆ ರೂಮೇ ಇಲ್ಲ. ಸ್ವಲ್ಪ ಹೊಂದ್ಕೊಂಡು ಹೋಗು. ನಿನ್ ಬಾಯಿ ಒಂಚೂರು ಜೋರು" ಎಂದು ಬಾಗಿಲಲ್ಲೇ ಎಚ್ಚರಿಸಿ ಹೋದರು.

ಮನೆಯೊಡತಿ ಎಪ್ಪತ್ತರ ಹತ್ತಿರದ ಅಜ್ಜಿ. ಮೆಕ್ಸಿಕೋದಿಂದ ಬಂದು ನಲವತ್ತು ವರ್ಷವಾಗಿದ್ದರೂ ಇಂಗ್ಲಿಷ್‌ನ ಗೊಡವೆಗೇ ಹೋದವರಲ್ಲ. ನಾವು ಅಮ್ಮಾವ್ರೇ ಎನ್ನುವ ಹಾಗೆ ಎಲ್ಲರೂ ಸೆನ್ಯೋರಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಮಗಳು ಎನರ್ಜಿ ಕಾರಿಡಾರ್ ಎಂಬ ತೈಲ ಕಂಪನಿಗಳ ಬಡಾವಣೆಯ ಯಾವುದೋ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಳು. ಅವಳೇ ಫೋನಿನಲ್ಲಿ ಇಂಗ್ಲಿಷಿನಲ್ಲಿ ಕರಾರು ಹೇಳಿದಳು: ಒಂದು ವಾರ ಇರು, ಹೊಂದಿಕೆಯಾಗುತ್ತದೋ ಅಮ್ಮ ನೋಡುತ್ತಾಳೆ. ಭಾನುವಾರ ನಾನು ಬಂದಾಗ ಹೌದೋ ಅಲ್ಲವೋ ಹೇಳುತ್ತೇವೆ. ಹೌದಾದರೆ ಆವತ್ತೇ ಬೀಗದ ಕೈ. ಅಲ್ಲಿಯವರೆಗೆ ಅಮ್ಮ ಮನೆಯಲ್ಲೇ ಇರುತ್ತಾಳೆ, ಬಾಗಿಲು ತೆಗೆಯುತ್ತಾಳೆ.

ಅಂದರೆ ಏಳು ದಿನದ ಪರೀಕ್ಷೆ. ಪಾಸಾಗಲೇಬೇಕಿತ್ತು.

ಸೋಮವಾರ ಬೆಳಿಗ್ಗೆ ಕ್ಲಾಸಿಗೆ ಹೊರಟೆ. ಹೇಳದೆ ಹೊಸ್ತಿಲು ದಾಟುವುದು ನಮ್ಮ ಮನೆಯಲ್ಲಿ ಇಲ್ಲ. ಅದರಲ್ಲೂ "ಹೋಗ್ತೀನಿ" ಎಂದು ಬರೀ ಅಷ್ಟೇ ಅನ್ನಕೂಡದು. ಚಿಕ್ಕವಳಿದ್ದಾಗ ಒಮ್ಮೆ ಅತ್ತೆಯ ಮನೆಯಿಂದ ಹೊರಡುವಾಗ ಹಾಗಂದು, ಎಲ್ಲರೆದುರು ಅವ್ವನಿಂದ ಬಾಯಿ ಮೇಲೆ ಬಡಿಸಿಕೊಂಡಿದ್ದೆ. "ಹೋಗ್ತೀನಿ ಅಂದವ್ರು ತಿರುಗಿ ಬರಂಗಿಲ್ಲ. ಹೋಗಿ ಬರ್ತೀನಿ ಅನಬೇಕು!" ಆ ಏಟಿನ ಬಿಸಿ ಇವತ್ತಿಗೂ ಇದೆ. ಅನುವಾದ ಮಾಡುವ ಆ್ಯಪ್ ಆಗ ಹೊಸದಾಗಿ ನನ್ನ ಫೋನಿಗೆ ಬಂದಿತ್ತು. ಹೋಗಿ ಬರುತ್ತೇನೆ ಎಂಬುದನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ, ಅದು ಸ್ಪ್ಯಾನಿಷ್ ಕೊಟ್ಟಿತು. ನಾಲ್ಕು ಸಲ ಬಾಯಿಪಾಠ ಮಾಡಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಪ್ಪಿಸಿದೆ.

"ಸೆನ್ಯೋರಾ, ವೊಯ್ ಇ ವೆಂಗೊ."

ಅಜ್ಜಿಯ ಮುಖ ಅರಳಿತು. "ಅಕೀ ತೆ ಎಸ್ಪೆರೊ" ಎಂದರು.

ನಮ್ಮ ಕಡೆ ಅಕಿ ಎಂದರೆ ಅವಳು. ಯಾವಾಕಿ ಎಂದು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಹೋಗಿ ಬರ್ತೀನಿ ಎಂದವರಿಗೆ "ಹೂಂ, ಹೋಗಿ ಬಾ" ಎನ್ನುವುದಕ್ಕೆ ಇವರಲ್ಲಿ ಹೀಗನ್ನುತ್ತಾರೆ ಎಂದುಕೊಂಡು, ಭಲೇ ಹುಡುಗಿ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡು ಬಸ್ ಹತ್ತಿದೆ.

ಸಂಜೆ ಆರಕ್ಕೆ ಬಂದರೆ ಬಾಗಿಲು ತೆರೆದೇ ಇತ್ತು. ಅಜ್ಜಿ ಮುಂದಿನ ಜಗಲಿಯ ಕುರ್ಚಿಯಲ್ಲಿ ಬೆವರುತ್ತ ಕೂತಿದ್ದರು. ನನ್ನನ್ನು ಕಂಡದ್ದೇ ಎದ್ದು ಏನೇನೋ ಕೇಳಿದರು. ನಾನು ನಕ್ಕೆ. ಒಳಗೆ ಮೇಜಿನ ಮೇಲೆ ತಟ್ಟೆಯೊಂದನ್ನು ಬಟ್ಟೆ ಮುಚ್ಚಿ ಇಟ್ಟಿದ್ದರು. ಮೇಜನ್ನು ಅವರು ಮೇಸಾ ಎನ್ನುತ್ತಾರೆಂದು ತಿಳಿದು ಖುಷಿಯಾಯಿತು, ಮೇಜು ಮೇಸಾ ಅಕ್ಕತಂಗಿಯರಿದ್ದಂತೆ. ತಟ್ಟೆಯಲ್ಲಿ ಅನ್ನ, ಹುರುಳಿಯಂಥ ಕಾಳು, ಅಂಗೈಯಗಲದ ರೊಟ್ಟಿ, ಎಲ್ಲ ತಣ್ಣಗಾಗಿ ಸೆಟೆದಿದ್ದವು. ಮಧ್ಯಾಹ್ನ ಉಳಿದದ್ದಿರಬೇಕು ಎಂದುಕೊಂಡೇ ತಿಂದೆ.

ಮಂಗಳವಾರವೂ ಅದೇ. ಬೆಳಿಗ್ಗೆ ನಾನು "ವೊಯ್ ಇ ವೆಂಗೊ", ಅವರು "ಅಕೀ ತೆ ಎಸ್ಪೆರೊ". ಸಂಜೆ ಅವರು ಗೋಡೆಯ ಗಡಿಯಾರಕ್ಕೆ ಬೆರಳು ಬಡಿದು ತೋರಿಸಿದರು. ಬುಧವಾರ ಮೇಜಿನ ಮೇಲೆ ಎರಡು ತಟ್ಟೆಗಳಿದ್ದವು, ಎರಡೂ ಮುಚ್ಚಿದ್ದವು. ಗುರುವಾರ ಬಂದಾಗ ಅಜ್ಜಿ ಹೂವಿನ ಫ್ರಾಕು ಹಾಕಿ, ಕಿವಿಗೆ ಮುತ್ತಿನ ಓಲೆ ಇಟ್ಟು, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು ಜಗಲಿಯಲ್ಲಿ ಕೂತಿದ್ದರು. ಎಲ್ಲಿಗೋ ಹೊರಟಿದ್ದಾರೆ ಎಂದು ನಾನು ಹಲ್ಲು ಕಿರಿದೆ. ಅವರು ನನ್ನನ್ನು ಒಮ್ಮೆ ನೋಡಿ, ಒಳಗೆ ಹೋಗಿ, ಒಂದೊಂದೇ ಓಲೆ ಬಿಚ್ಚಿ ಮೇಜಿನ ಮೇಲಿಟ್ಟರು.

ಏನು ಮಾಡಿದೆ ನಾನು? ಪಾತ್ರೆ ತೊಳೆದಿಟ್ಟಿದ್ದೆ, ಬಚ್ಚಲು ಒರೆಸಿದ್ದೆ, ಫೋನಿನಲ್ಲಿ ಪಿಸುಗುಟ್ಟಿಯೇ ಮಾತಾಡಿದ್ದೆ. ಅವ್ವನಿಗೆ ಕಾಲ್ ಮಾಡಿದೆ. ಅಲ್ಲಿ ಬೆಳಗಾಗಿತ್ತು.

"ಹೊರಗ ಹೋಗಬೇಕಾದ್ರ ಹೇಳಿ ಹೋಗ್ತಿ ಇಲ್ಲೋ?" ಎಂದಳು ಅವ್ವ.

"ದಿನಾ ಹೇಳ್ತೀನಬೇ. ಅವರ ಭಾಷಾದಾಗs ಹೇಳ್ತೀನಿ."

"ಗಡಿಬಿಡಿಯೊಳಗ ಬಾಯಾಗs ಅಂದಿರ್ತಿ. ಹಿರ್ಯಾರು ಅದಾರ, ಮುಂದ ನಿಂತು ಕೈ ಮುಗದು ಗಟ್ಟಿಯಾಗಿ ಹೇಳು. ಎಲ್ಲಾ ಸರಿ ಆಗ್ತದ."

ಅವ್ವನ ಮಾತು ಮೀರುವುದುಂಟೇ? ಶುಕ್ರವಾರ ಅಜ್ಜಿಯ ಎದುರಿಗೇ ನಿಂತು, ಎರಡೂ ಕೈ ಮುಗಿದು, ಓಣಿಗೆಲ್ಲ ಕೇಳುವ ಹಾಗೆ "ವೊಯ್ ಇ ವೆಂಗೊ!" ಎಂದೆ. ಅವರು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. ಈ ಸಲ "ಅಕೀ" ಬರಲೇ ಇಲ್ಲ. ಸಂಜೆ ಬಂದಾಗ ಬಾಗಿಲಲ್ಲೇ ತಡೆದು, ಬೆರಳಾಡಿಸಿ, ಒಂದು ಪದ ಅಂದರು: "ಮೆಂತಿರೋಸಾ."

ರೂಮಿಗೆ ಹೋಗಿ ಆ ಪದವನ್ನು ಫೋನಿಗೆ ಹೇಳಿದೆ. ಸುಳ್ಳುಗಾರ್ತಿ ಎಂದು ಬಂತು.

ಅವಮಾನಕ್ಕೂ ಸಿಟ್ಟಿಗೂ ಕಿವಿ ಕಾದುಹೋದವು. ಸುಳ್ಳುಗಾರ್ತಿಯಂತೆ! ಯಾವ ಸುಳ್ಳು? ಎದ್ದು ಹೋಗಿ ಜಗಳಕ್ಕೆ ನಿಲ್ಲೋಣವೆಂದರೆ ಜಗಳಕ್ಕೆ ಬೇಕಾದಷ್ಟು ಸ್ಪ್ಯಾನಿಷ್ ಇರಲಿಲ್ಲ. ಜೋರು ಬಾಯಿಯವಳಿಗೆ ಮಾತೇ ಇಲ್ಲದಿರುವ ಹಿಂಸೆ ಶತ್ರುವಿಗೂ ಬೇಡ. ಮೈಸೂರಿನ ಅಕ್ಕನಿಗೆ ಫೋನ್ ಮಾಡಿದರೆ, "ಅಯ್ಯೋ, ಭಾನುವಾರದವರೆಗೂ ಕಾಯಿ ಕಣೆ. ಏನೂ ಆಗ್ದಿದ್ರೆ ಪ್ಯಾಕ್ ಮಾಡ್ಕೊಂಡು ಬಾ. ನಾನು ಹೊರಡೋ ಬುಧವಾರದ ತನಕ ನೆಲದ ಮೇಲೆ ಮಲಗೋಣ, ಆಮೇಲೆ ದೇವರಿದ್ದಾನೆ" ಎಂದರು. ಶನಿವಾರವೆಲ್ಲ ರೂಮಿನಿಂದ ಹೊರಗೆ ಬರಲಿಲ್ಲ. ಅವ್ವ ಕಟ್ಟಿಕೊಟ್ಟಿದ್ದ ಶೇಂಗಾ ಚಟ್ನಿಯ ಡಬ್ಬಿಯನ್ನು ಮೊದಲು ಪೆಟ್ಟಿಗೆಗೆ ಹಾಕಿದೆ, ಆಮೇಲೆ ಬಟ್ಟೆ. ಸ್ವಲ್ಪ ಅತ್ತದ್ದೂ ಹೌದು.

ಭಾನುವಾರ ಚರ್ಚು ಮುಗಿಸಿ ಮಗಳು ಬಂದಳು. ಮೂವರೂ ಮೇಜಿನ ಸುತ್ತ ಕೂತೆವು. ಅಜ್ಜಿ ಒಂದೇ ಉಸಿರಿನಲ್ಲಿ ಹೇಳುತ್ತಾ ಹೋದರು, ಮಗಳು ತಲೆಯಾಡಿಸುತ್ತಾ ಕೇಳಿ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದಳು:

"ಅಮ್ಮ ಕೇಳ್ತಿದಾಳೆ, ದಿನಾ ಬೆಳಿಗ್ಗೆ ಇಲ್ಲೇ ಹೋಗಿ ಈಗ ಬಂದೆ ಅಂತ ಹೇಳಿ ಹೋಗ್ತೀಯಲ್ಲ, ಸಂಜೆವರೆಗೂ ಎಲ್ಲಿಗೆ ಹೋಗ್ತೀಯಾ?"

ಮಗಳು ಬಿಡಿಸಿ ಹೇಳಿದ ಮೇಲೆ ಎಲ್ಲ ಗೊತ್ತಾಯಿತು. ವೊಯ್ ಇ ವೆಂಗೊ ಎಂದರೆ ಅವರಿಗೆ ಅಂಗಡಿಗೆ ಹೋಗಿ ಉಪ್ಪು ತಂದಷ್ಟು ಹೊತ್ತಿನ ಮಾತು. ಇಗೋ ಬಂದೆ ಎಂದು! ಅವರು ದಿನಾ ಅನ್ನುತ್ತಿದ್ದ "ಅಕೀ ತೆ ಎಸ್ಪೆರೊ" ಆಶೀರ್ವಾದವೂ ಅಲ್ಲ, ಯಾವ ಅಕಿಯ ವಿಷಯವೂ ಅಲ್ಲ. ಇಲ್ಲೇ ನಿನಗಾಗಿ ಕಾಯುತ್ತೇನೆ ಎಂದು. ಅಂದಂತೆಯೇ ಕಾದಿದ್ದರು. ಹುಡುಗಿಯ ಹತ್ತಿರ ಬೀಗದ ಕೈ ಇಲ್ಲ, ಈಗ ಬರುತ್ತಾಳೆ ಎಂದು ಬಾಗಿಲು ತೆರೆದಿಟ್ಟು, ಬಿಸಿ ಊಟ ಬಡಿಸಿಟ್ಟು, ಬುಧವಾರ ತಾವೂ ಉಣ್ಣದೆ ಕಾದಿದ್ದರು. ಗುರುವಾರ ಚರ್ಚಿನ ಹೆಂಗಸರ ಜೊತೆ ಹಾಡಲು ಹೋಗುವ ದಿನ. ಅಲಂಕಾರ ಮಾಡಿಕೊಂಡು ಜಗಲಿಯಲ್ಲಿ ಕೂತಲ್ಲೇ ಆ ದಿನ ಮುಗಿದಿತ್ತು. ಪ್ರತಿ ಮಧ್ಯಾಹ್ನವೂ ಮಗಳಿಗೆ ಫೋನ್ ಮಾಡಿ, ಹುಡುಗಿ ದಾರಿ ತಪ್ಪಿದಳೋ, ಯಾವುದಾದರೂ ಗಾಡಿ ಬಡಿಯಿತೋ ಎಂದು ಗೋಳಾಡಿದ್ದರಂತೆ. ಕ್ಲಾಸಿಗೆ ಹೋಗಿರುತ್ತಾಳೆ ಎಂದು ಮಗಳು ಹೇಳಿದರೂ, ಈಗ ಬಂದೆ ಅಂದಿದ್ದಾಳಲ್ಲ ಎಂದು ಒಪ್ಪುತ್ತಿರಲಿಲ್ಲವಂತೆ. ನಾನು ಸಿಟ್ಟು ಎಂದುಕೊಂಡದ್ದು ಬರೀ ಅಂಜಿಕೆ.

"ನಮ್ಮಲ್ಲಿ ಬರೀ ಹೋಗ್ತೀನಿ ಅನ್ನೋ ಹಾಗಿಲ್ಲ" ಎಂದೆ. "ಹಾಗಂದರೆ ಇನ್ನು ಬರುವುದೇ ಇಲ್ಲ ಅಂತ. ಅದಕ್ಕೇ ಹೋಗಿ ಬರ್ತೀನಿ ಅನ್ನೋದು."

ಮಗಳು ಅದನ್ನು ಅಮ್ಮನಿಗೆ ಹೇಳಿದಳು. ಅಜ್ಜಿ ಹುಬ್ಬೇರಿಸಿದರು. "ಎಷ್ಟು ಹೊತ್ತಿಗೆ ಬರ್ತೀನಿ ಅಂತ ಅದರ ಅರ್ಥ, ಅಂತ ಕೇಳ್ತಿದಾಳೆ."

"ಅದಕ್ಕೆ ಹೊತ್ತಿಲ್ಲ. ಸಂಜೆ ಬಂದರೂ ಆಯ್ತು, ಎರಡು ವರ್ಷ ಬಿಟ್ಟು ಬಂದರೂ ಆಯ್ತು. ನಾನು ಊರು ಬಿಟ್ಟಾಗ ನಮ್ಮವ್ವನಿಗೂ ಅದನ್ನೇ ಹೇಳಿ ಬಂದಿದ್ದೀನಿ."

ಅದನ್ನು ಕೇಳಿ ಅಜ್ಜಿ ತೊಡೆ ತಟ್ಟಿಕೊಂಡು ನಗತೊಡಗಿದರು. ಐದು ದಿನ ಜಗಲಿಯಲ್ಲಿ ಕೂತು ಬೆವರು ಸುರಿಸಿದ್ದನ್ನೆಲ್ಲ ನಗುವಿನಲ್ಲೇ ತೀರಿಸಿಕೊಳ್ಳುವ ಹಾಗೆ ನಕ್ಕರು. ಕಣ್ಣೊರೆಸಿಕೊಂಡು ಎದ್ದು, ಡಬ್ಬಿಯೊಂದರಿಂದ ಏನೋ ತೆಗೆದು ನನ್ನ ಮುಂದೆ ಹಿಡಿದರು. "ಲಾ ಯಾವೆ."

"ಯಾವ್ದು?" ಎಂದೆ, ಕನ್ನಡದಲ್ಲೇ.

"ಯಾವೆ, ಯಾವೆ!" ಎಂದು ಅಂಗೈಯಲ್ಲಿಟ್ಟು ಬೆರಳು ಮಡಿಚಿದರು. ಚಾವಿ. ಮನೆಯ ಚಾವಿ.

ಅಬ್ಬಾ! ಹೊತ್ತು ತಿರುಗುತ್ತಿದ್ದ ಹೆಣಭಾರ ಇಳಿಸಿದಂತಾಯಿತು. ರೂಮಿಗೆ ಹೋಗಿ ಪೆಟ್ಟಿಗೆ ತೆರೆದು, ಶೇಂಗಾ ಚಟ್ನಿ ತಂದು ಮೇಜಿನ ಮಧ್ಯೆ ಇಟ್ಟೆ. ಅಜ್ಜಿ ಅದನ್ನು ತಮ್ಮ ರೊಟ್ಟಿಗೆ ಹಚ್ಚಿಕೊಂಡು ತಿಂದು, ಖಾರ ಸಾಲದು ಎಂದರಂತೆ. ಹುಬ್ಬಳ್ಳಿಯವಳಿಗೆ! ಇರಲಿ, ಆವತ್ತು ಎಲ್ಲವನ್ನೂ ಕ್ಷಮಿಸಿದೆ.

"ಸಂಜೆ ಬರುತ್ತೇನೆ" ಎನ್ನುವುದನ್ನು ಮಗಳು ಸ್ಪ್ಯಾನಿಷ್‌ನಲ್ಲಿ ಬರೆದುಕೊಟ್ಟು ಹೋದಳು. ಸೋಮವಾರ ಬೆಳಿಗ್ಗೆ ಆ ಚೀಟಿಯನ್ನು ರೂಮಿನಲ್ಲೇ ಮರೆತು ಬಾಗಿಲಿಗೆ ಬಂದೆ. "ವೊಯ್..." ಎಂದೆ, ನಾಲಿಗೆ ಅಲ್ಲೇ ನಿಂತಿತು. ಮುಂದಿನದನ್ನು ಹೇಳಿದರೆ ಸುಳ್ಳುಗಾರ್ತಿ, ಬಿಟ್ಟರೆ ಅವ್ವನ ಏಟು. ಅಜ್ಜಿ ಒಲೆಯ ಕಡೆಯಿಂದ ತಿರುಗದೆಯೇ, "ಇ ವೆಂಗೊ" ಎಂದು ತಾವೇ ಪೂರ್ತಿ ಮಾಡಿದರು.

ಆ ಗುರುವಾರ ಸಂಜೆ ಮನೆಗೆ ಬಂದಾಗ ಜಗಲಿಯ ಕುರ್ಚಿ ಖಾಲಿ ಇತ್ತು, ಬಾಗಿಲಿಗೆ ಬೀಗ. ನನ್ನ ಚಾವಿಯಿಂದ ತೆಗೆದು ಒಳಗೆ ಹೋದೆ. ಮೇಜಿನ ಮೇಲೆ ಎರಡು ತಟ್ಟೆ ಮುಚ್ಚಿಟ್ಟಿದ್ದವು. ಮುತ್ತಿನ ಓಲೆ ಅಲ್ಲಿರಲಿಲ್ಲ. ಹಸಿವಾಗಿತ್ತು, ಆದರೂ ಬಟ್ಟೆ ಸರಿಸಲಿಲ್ಲ. ಅಕಿ ಹಾಡು ಮುಗಿಸಿ ಬರಲಿ ಎಂದು ಜಗಲಿಯ ಕುರ್ಚಿಯಲ್ಲಿ ಕಾಯುತ್ತಾ ಕೂತೆ.