ಕುಂಕುಮ ಹಚ್ಚಿದ ಫೋನು

ವೈಯಾಲಿಕಾವಲ್ ಬಡಾವಣೆಯಲ್ಲಿ ನಮ್ಮ ಎದುರುಮನೆಯಲ್ಲಿದ್ದ ಆಂಟಿ ಕೋಪ ಬಂದರೆ ಮೊದಲು ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಿದ್ದರು, ಮಾತು ಆಮೇಲೆ. ಹರಿದ ಜರಿ ಸೀರೆಯನ್ನೂ ಎಸೆಯದೆ, ಜರಿ ಸುಟ್ಟು ಬೆಳ್ಳಿ ತೆಗೆಯುವವರಿಗೆ ಕೊಡುತ್ತಿದ್ದರು. ಯಾರು ಏನು ಎಸೆದರೂ ಅವರದು ಒಂದೇ ಪ್ರಶ್ನೆ: "ಜರಿ ಸೀರೆ ಆಗಿದ್ರೆ ಹಿಂಗೇ ಬಿಸಾಕ್ತಿದ್ರಾ?"

ಒಂದು ಆಯುಧಪೂಜೆಯಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ಕಾರು, ಮಿಕ್ಸಿಗಳ ಜೊತೆ ತಮ್ಮ ಹೊಸ ಫೋನನ್ನೂ ಹಳೆಯದನ್ನೂ ಇಟ್ಟು ಪೂಜೆ ಮಾಡಿದರು. ಮರುದಿನ ಬೆಳಿಗ್ಗೆ ಕಸದ ಗಾಡಿಯ ಹೆಂಗಸು ಅವರ ಮನೆಯ ಕಸವನ್ನು ಬರಿಗೈಯಲ್ಲಿ ಬೇರ್ಪಡಿಸುತ್ತಿದ್ದಾಗ, ಬಾಡಿದ ಹೂಗಳ ನಡುವೆ ಆ ಹಳೇ ಫೋನು ಸಿಕ್ಕಿತು. ಕುಂಕುಮ ಇನ್ನೂ ಹಾಗೇ ಇತ್ತು. ಒಳಗಿನ ಬ್ಯಾಟರಿ ಉಬ್ಬಿ, ಹಿಂಬದಿಯ ಮುಚ್ಚಳ ಬಾಯಿಬಿಟ್ಟಿತ್ತು. ಪೂಜೆ ಮಾಡಿದ ಕೈಯೇ ಅದನ್ನು ಹಸಿ ಕಸಕ್ಕೆ ತುರುಕಿತ್ತು.

ಆಂಟಿ ಸೆರಗು ಸಿಕ್ಕಿಸಿಕೊಂಡು ಬೀದಿಗೆ ಇಳಿದರು.

"ಏನ್ರೀ ಇದು? ಉಬ್ಬಿರೋ ಬ್ಯಾಟರಿ ಆಯಮ್ಮನ ಕೈಯಲ್ಲೇ ಬೆಂಕಿ ಹತ್ಕೊಂಡಿದ್ರೆ?"

"ಕೆಟ್ಟೋಗಿತ್ತು ಆಂಟಿ, ಅದಕ್ಕೇ..."

"ಕೆಟ್ಟಿರೋದು ಫೋನು. ಒಳಗಿರೋ ಚಿನ್ನ ಕೆಟ್ಟಿದ್ಯಾ? ತಾಮ್ರ ಕೆಟ್ಟಿದ್ಯಾ? ಎಲ್ಲೋ ಯಾರೋ ಪ್ರಾಣ ಒತ್ತೆಯಿಟ್ಟು ನೆಲ ಅಗೆದು ತೆಗ್ದಿರೋದು ರೀ ಅದು! ಅದನ್ನ ತೆಗೆದು ಮತ್ತೆ ಬಳಸೋರು ಇದಾರೆ. ಅವರಿಗೆ ಕೊಡೋಕೆ ನಿಮಗೇನು ರೋಗ? ಜರಿ ಸೀರೆ ಆಗಿದ್ರೆ ಹಿಂಗೇ ಬಿಸಾಕ್ತಿದ್ರಾ?"

"ಒಂದು ಹಳೇ ಫೋನಿಗೆ ಇಷ್ಟೊಂದು ಕೂಗಾಡ್ತೀರಲ್ಲ," ಎಂದು ಯಜಮಾನರು ಗೇಟು ಎಳೆದುಕೊಳ್ಳಲು ಹೋದರು.

ಆಂಟಿ ಗೇಟಿಗೆ ಕೈ ಅಡ್ಡ ಇಟ್ಟು, ಇನ್ನೊಂದು ಕೈಯಲ್ಲಿ ಕಸದ ಗಾಡಿಯ ಹೆಂಗಸನ್ನು ತೋರಿಸಿದರು.

"ನಿನ್ನೆ ಈ ಫೋನಿಗೆ ಕೈ ಮುಗಿದ್ರಲ್ಲ, ಇವತ್ತು ಇವರಿಗೆ ಮುಗೀರಿ."